ಮನೆಯ ಒಳಗೆಲಸಕ್ಕೊಂದು ಕರಾರುಪತ್ರ

ಹೊಸ ಮನೆಯನ್ನು ಕಟ್ಟಿಸುವ ಗೃಹಸ್ಥರು ಗೋಡೆ ಛಾವಣಿಗಳ ಕೆಲಸಕ್ಕೆ ಎಂಜಿನಿಯರರನ್ನು ಹಿಡಿದು, ನಕ್ಷೆ ಬರೆಯಿಸಿ, ಸಿಮೆಂಟು ಕಬ್ಬಿಣಗಳ ಲೆಕ್ಕವನ್ನು ಕಾಸಿಗೆ ಕಾಸು ನೋಡುವರು. ಬೀರು, ಕಪಾಟು ಮೊದಲಾದ ಒಳಗೆಲಸದ ಸರದಿ ಬಂದಾಗಲಾದರೋ ಅದೇ ಗೃಹಸ್ಥರು ಚೀಟಿಯೊಂದರ ಬೆನ್ನಿನ ಮೇಲೆ ಬರೆದ ಮೊತ್ತವನ್ನೇ ನಂಬಿ ಮುಂಗಡವನ್ನು ಎಣಿಸಿ ಕೊಟ್ಟುಬಿಡುವರು. ನಾವೂ ಹಾಗೆ ಮಾಡಿದವರೇ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯಲು ನಮಗೆ ಕೊಂಚ ಅಧಿಕಾರವುಂಟು.

ನಮ್ಮ ಅಡಿಗೆಮನೆಯ ಕಪಾಟುಗಳಿಗೆ ಮೂವರಿಂದ ದರ ಕೇಳಿ, ಕಡಮೆಯದನ್ನು ಒಪ್ಪಿದೆವು. ಚೀಟಿಯಲ್ಲಿದ್ದುದು ‘ಪ್ಲೈವುಡ್ ಕೆಲಸ, ಒಳ್ಳೆಯ ಮಾಲು’ ಎಂಬಿಷ್ಟೇ. ಎರಡನೆಯ ಮಳೆಗಾಲದಲ್ಲಿ ಸಿಂಕಿನ ಕೆಳಗಣ ಹಲಗೆ ಉಬ್ಬಿ, ಪದರ ಪದರವಾಗಿ ಬಿಚ್ಚಿಕೊಂಡಿತು. ಕೇಳಹೋದಾಗ ಆ ಮೇಸ್ತ್ರಿಯು, ‘ಸ್ವಾಮಿ, ನೀರು ತಡೆಯುವ ಹಲಗೆ ಬೇಕೆಂದು ತಾವು ಹೇಳಿರಲಿಲ್ಲವಲ್ಲ’ ಎಂದನು. ಅವನ ಮಾತು ಸುಳ್ಳಲ್ಲ. ನಾವು ಹೇಳಿರಲಿಲ್ಲ, ಹೇಳಬೇಕೆಂಬುದು ನಮಗೆ ತಿಳಿದೂ ಇರಲಿಲ್ಲ. ಮಗಳ ಓದಿಗೆಂದು ಎತ್ತಿಟ್ಟಿದ್ದ ಹಣದಿಂದ ಅದೇ ಕಪಾಟನ್ನು ಮತ್ತೊಮ್ಮೆ ಮಾಡಿಸಬೇಕಾಯಿತು.

ಲ್ಯಾಮಿನೇಟು ಅಂಟಿಸಿದ ಮೇಲೆ ಹಲಗೆಗಳೆಲ್ಲ ಒಂದೇ ಬಗೆಯಾಗಿ ಕಾಣುವುವು. ಒಳಗಿನ ಗುಣವನ್ನು ಕಾಗದವೇ ಹೇಳಬೇಕು. ಭಾರತೀಯ ಮಾನಕಗಳಲ್ಲಿ ಸಾಧಾರಣ ಉಪಯೋಗದ ಪ್ಲೈವುಡ್ಡಿಗೆ ಐ.ಎಸ್. 303 ಎಂದೂ, ಕುದಿಯುವ ನೀರಿನಲ್ಲಿ ಬಹು ಹೊತ್ತು ಇಟ್ಟು ಪರೀಕ್ಷಿಸುವ ಮೆರೈನ್ ಪ್ಲೈವುಡ್ಡಿಗೆ ಐ.ಎಸ್. 710 ಎಂದೂ ಸಂಖ್ಯೆಗಳಿರುವುವು. ‘ಸಿಂಕಿನ ಕೆಳಗಣ ಕಪಾಟು: ಐ.ಎಸ್. 710, 18 ಮಿಲಿಮೀಟರು ದಪ್ಪ’ ಎಂದು ಒಂದು ಸಾಲು ಬರೆದಿದ್ದರೆ ನಮ್ಮ ಹಣ ಉಳಿಯುತ್ತಿದ್ದಿತು. ನಕ್ಷೆಯು ವಸ್ತು ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ತೋರಿಸುವುದು. ಅದು ಯಾವುದರಿಂದಾಯಿತು, ಹೇಗೆ ಆಗತಕ್ಕದ್ದು ಎಂಬುದನ್ನು ವಿವರಪಟ್ಟಿಯು ಹೇಳುವುದು. ಕೀಲು ಯಾವ ಲೋಹದ್ದು, ಅಂಚಿಗೆ ಯಾವ ಪಟ್ಟಿ, ಬಣ್ಣ ಎಷ್ಟು ಸಲ ಬಳಿಯತಕ್ಕದ್ದು, ಇವೆಲ್ಲ ಆ ಪಟ್ಟಿಗೆ ಸೇರಿದುವು. ‘ಇಂಥ ಕಂಪೆನಿಯದು ಅಥವಾ ಅದಕ್ಕೆ ಸಮಾನವಾದುದು’ ಎಂದು ಬರೆಯುವ ವಾಡಿಕೆಯೊಂದಿದೆ. ಸಮಾನವೆಂದು ತೀರ್ಮಾನಿಸುವವರು ಯಾರೆಂಬುದನ್ನೂ ಅಲ್ಲಿಯೇ ಬರೆಯದಿದ್ದರೆ ಆ ಮಾತಿನ ಕಂಡಿಯಲ್ಲಿ ಆನೆ ನುಸುಳೀತು.

ಇನ್ನು ಅಳತೆ. ಬೀರುಗಳನ್ನು ಸಾಮಾನ್ಯವಾಗಿ ಮುಂಭಾಗದ ಚದರಡಿಯಿಂದ ಎಣಿಸುವರು. 7 ಅಡಿ ಎತ್ತರ, 6 ಅಡಿ ಅಗಲದ ಬೀರು 42 ಚದರಡಿ. ಒಬ್ಬನು ಚದರಡಿಗೆ 1,400 ರೂಪಾಯಿ ಹೇಳಿದನೆನ್ನೋಣ, 58,800 ಆಯಿತು. ಇನ್ನೊಬ್ಬನು 1,250 ಹೇಳಿದರೆ 52,500. ಎರಡನೆಯವನು ಅಗ್ಗವೆಂದು ತೋರುವುದು. ಆದರೆ ಸೆಳೆಖಾನೆ, ಬೀಗ, ಒಳಮೈಯ ಲ್ಯಾಮಿನೇಟು, ಜಿ.ಎಸ್.ಟಿ. ಇವೆಲ್ಲ ಅವನ ದರದಿಂದ ಹೊರಗಿದ್ದರೆ? ಆಗ ನಾವು ಹೋಲಿಸುತ್ತಿರುವುದು ಎರಡು ದರಗಳನ್ನಲ್ಲ, ಎರಡು ಬೇರೆ ಬೇರೆ ಬೀರುಗಳನ್ನು.

ಸರ್ಕಾರದ ಕೆಲಸಗಳಿಗೆ ಟೆಂಡರು ಕರೆಯುವ ಕ್ರಮವನ್ನು ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆಯ ಅಧಿನಿಯಮವು ವಿಧಿಸಿದೆ. ಎರಡು ಲಕೋಟೆಗಳ ಪದ್ಧತಿಯಲ್ಲಿ ಕೆಲಸದ ಯೋಗ್ಯತೆಯನ್ನು ಹೇಳುವ ಲಕೋಟೆಯನ್ನು ಮೊದಲು ತೆರೆದು, ಬೆಲೆಯ ಲಕೋಟೆಯನ್ನು ತರುವಾಯ ತೆರೆಯುವರು. (ಈಗ ಇವು ಬಹುಮಟ್ಟಿಗೆ ಗಣಕಯಂತ್ರದೊಳಗಣ ಲಕೋಟೆಗಳು!) ಮನೆವಾರ್ತೆಗೆ ಈ ಕಟ್ಟುಪಾಡಿಲ್ಲವಾದರೂ, ಎಲ್ಲರಿಗೂ ಒಂದೇ ನಕ್ಷೆ, ಒಂದೇ ವಿವರಪಟ್ಟಿ, ಒಂದೇ ಗಡುವು ಕೊಟ್ಟು ದರ ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಉಳಿದವರಿಗಿಂತ ಬಹಳ ಕೆಳಗೆ ಬಂದವನನ್ನು ಕೂಡಲೇ ಒಪ್ಪದೆ, ಯಾವುದನ್ನು ಬಿಟ್ಟಿರುವೆಯೆಂದು ಕೇಳತಕ್ಕದ್ದು. ಅನೇಕ ವೇಳೆ ಪಾಪ, ಲೆಕ್ಕದಲ್ಲಿ ತಪ್ಪಿರುವನು.

ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಅದನ್ನು ಸಾಬೀತುಪಡಿಸುವುದೇ ಕಷ್ಟ. ಕರಾರುಪತ್ರದಲ್ಲಿ ನಕ್ಷೆ, ವಿವರಪಟ್ಟಿ, ದರಪಟ್ಟಿ ಮೂರನ್ನೂ ಸೇರಿಸಿ ಪುಟಪುಟಕ್ಕೂ ಇಬ್ಬರೂ ರುಜು ಹಾಕಬೇಕು. ಹಣವನ್ನು ಕೆಲಸ ಸಾಗಿದಂತೆ ಕಂತುಗಳಲ್ಲಿ ಕೊಟ್ಟು, ಸಣ್ಣ ಭಾಗವೊಂದನ್ನು ಕೆಲವು ತಿಂಗಳು ತಡೆದಿಟ್ಟುಕೊಳ್ಳುವುದು ರೂಢಿ. ತಡವಾದರೆ ಇಷ್ಟು ದಂಡವೆಂದು ಬರೆದೊಡನೆ ಅಷ್ಟೂ ಕೈಗೆ ಬರುವುದೆಂದು ಭಾವಿಸಲಾಗದು. 1872ರ ಕರಾರು ಕಾಯಿದೆಯ 74ನೆಯ ಪ್ರಕರಣದಂತೆ, ಬರೆದ ಮೊತ್ತವನ್ನು ಮೀರದ ಯುಕ್ತ ಪರಿಹಾರವಷ್ಟೇ ದೊರೆಯತಕ್ಕದ್ದು.

ಈ ಪತ್ರವು ಕೆಲಸಗಾರನಿಗೂ ರಕ್ಷೆಯೇ. ನಡುವೆ ಮನಸ್ಸು ಬದಲಾಯಿಸುವವರು ನಾವೇ ಅಲ್ಲವೆ? ಎರಡನೆಯ ಸಲ ಕೆಲಸ ಅರ್ಧವಾಗಿದ್ದಾಗ ನಮ್ಮ ತಾಯಿಯವರು ದೇವರಿಗೊಂದು ಗೂಡು ಆಗಲೇಬೇಕೆಂದರು. ಹೊಸ ಬಡಗಿಯು ಉಳಿಯನ್ನು ಮುಟ್ಟುವ ಮೊದಲು ಅದರ ಅಳತೆಯನ್ನೂ ಬೆಲೆಯನ್ನೂ ಬರೆದುಕೊಟ್ಟು ರುಜು ಕೇಳಿದನು. ಅಂದೇ ಸಿಂಕಿನ ಕೆಳಗಣ ಹಲಗೆಯೂ ಬಂದಿತು. ಲ್ಯಾಮಿನೇಟು ಅಂಟಿಸುವುದಕ್ಕೆ ಮೊದಲು ಅದರ ಮೇಲಣ ಮುದ್ರೆಯನ್ನು ಇಬ್ಬರೂ ಕೂಡಿ ನೋಡಿ, ಕರಾರಿನ ಅಂಚಿನಲ್ಲಿ ತಾರೀಖು ಬರೆದೆವು.