ಹೆಸರಿಲ್ಲದ ಕಾಯಿಲೆಗೆ ಪರಿಹಾರ

1991ರ ಕೊಲ್ಲಿ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸುಮಾರು 7 ಲಕ್ಷ ಸೈನಿಕರಲ್ಲಿ ಬಹುಪಾಲು ಜನ ಮೈಮೇಲೆ ಗಾಯವಿಲ್ಲದೆ ಮನೆಗೆ ಮರಳಿದರು. ಆಮೇಲೆ ಅವರಲ್ಲಿ ಅನೇಕರಿಗೆ ಶುರುವಾಯಿತು ಆಸ್ಪತ್ರೆಗಳ ಅಲೆದಾಟ. ನಿದ್ದೆ ಮಾಡಿ ಎದ್ದರೂ ಇಳಿಯದ ಸುಸ್ತು, ಕೀಲುನೋವು, ಮರೆವು, ಸದಾ ಕೆಟ್ಟಿರುವ ಹೊಟ್ಟೆ. ರಕ್ತಪರೀಕ್ಷೆಯಲ್ಲಿ ಮಾತ್ರ ಎಲ್ಲವೂ ಸರಿ. ಇದೆಲ್ಲ ಮನಸ್ಸಿನ ಒತ್ತಡ ಎಂದು ಸಾಗಹಾಕಿದ್ದು ಎಷ್ಟೋ ಮಂದಿಗೆ ರೋಗಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಸಂಶಯ ಹೋದದ್ದು ಯುದ್ಧಭೂಮಿಯಲ್ಲಿ ಅವರ ಮೈಗೆ ಸೇರಿರಬಹುದಾದ ರಾಸಾಯನಿಕಗಳ ಮೇಲೆ. ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸುವುದು ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ. ಕೆಲಸ ಮುಗಿದೊಡನೆ ಅದನ್ನು ಒಡೆದುಹಾಕಲು ಒಂದು ಕಿಣ್ವವಿದೆ. ಆ ಕಿಣ್ವವನ್ನು ತಡೆದರೆ ನರಗಳ ಉದ್ರೇಕ ತಣಿಯುವುದೇ ಇಲ್ಲ. ಸರಿನ್ ವಿಷಾನಿಲ ಕೊಲ್ಲುವುದು ಹೀಗೆಯೇ. ಆರ್ಗನೋಫಾಸ್ಫೇಟ್ ಕೀಟನಾಶಕಗಳ ಕೆಲಸವೂ ಇದೇ. ವಿಷಾನಿಲದಿಂದ ಕಾಪಾಡಲೆಂದು ಸೈನಿಕರಿಗೆ 8 ಗಂಟೆಗೊಮ್ಮೆ ನುಂಗಲು ಹೇಳಿದ 30 ಮಿಲಿಗ್ರಾಂ ಪಿರಿಡೋಸ್ಟಿಗ್ಮಿನ್ ಮಾತ್ರೆ ಕೂಡ, ಸ್ವಲ್ಪ ಹೊತ್ತಿನ ಮಟ್ಟಿಗೆ, ಅದೇ ಕಿಣ್ವವನ್ನು ತಡೆಯುತ್ತದೆ! ಇದರ ಮೇಲೆ, 1991ರ ಮಾರ್ಚ್‌ನಲ್ಲಿ ಇರಾಕಿನ ಖಮೀಸಿಯಾದಲ್ಲಿ ಅಮೆರಿಕದ ಪಡೆಗಳು ಸ್ಫೋಟಿಸಿದ ಮದ್ದುಗುಂಡಿನ ದಾಸ್ತಾನಿನಲ್ಲಿ ಸರಿನ್ ತುಂಬಿದ ರಾಕೆಟ್‌ಗಳಿದ್ದವು. ರಕ್ಷಣಾ ಇಲಾಖೆ ಅದನ್ನು ಒಪ್ಪಿಕೊಂಡದ್ದು 1996ರಲ್ಲಿ.

ಯಾರ ಮೈಗೆ ಯಾವುದು ಎಷ್ಟು ಸೇರಿತು ಎಂಬ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಹಾಗಿರುವಾಗ ಕಾರಣ ಸಾಬೀತುಪಡಿಸು ಎಂದು ರೋಗಿಯನ್ನೇ ಕೇಳುವುದು ಅನ್ಯಾಯ. 1994ರ ಕಾನೂನು ಈ ಹೊರೆಯನ್ನು ಇಳಿಸಿತು: ಕೊಲ್ಲಿಯಲ್ಲಿ ದುಡಿದವರಿಗೆ ಆರು ತಿಂಗಳು ಮೀರಿದ, ರೋಗನಿರ್ಣಯಕ್ಕೆ ಸಿಗದ ಕಾಯಿಲೆಯಿದ್ದರೆ ಅದು ಸೇವೆಯಿಂದಲೇ ಬಂತೆಂದು ಭಾವಿಸಿ ಪರಿಹಾರ ಕೊಡಬಹುದು. ಇದರಲ್ಲೂ ಒಂದು ತೊಡಕಿತ್ತು. ವೈದ್ಯರು ಫೈಬ್ರೊಮಯಾಲ್ಜಿಯಾ ಎಂದು ಬರೆದುಬಿಟ್ಟರೆ ಕಾಯಿಲೆಗೆ ಹೆಸರು ಸಿಕ್ಕಿತು, ಪರಿಹಾರದ ದಾರಿ ಮುಚ್ಚಿತು. 2001ರ ತಿದ್ದುಪಡಿ ಅಂಥ ಕಾಯಿಲೆಗಳನ್ನೂ ಒಳಗೆ ತಂದಿತು.

ವಿಜ್ಞಾನ ನಿಧಾನವಾಗಿ ಬಂತು. 2022ರಲ್ಲಿ ಟೆಕ್ಸಾಸ್‌ನ ಸಂಶೋಧಕ ರಾಬರ್ಟ್ ಹೇಲಿ ಅವರ ತಂಡ ‘ಪಿಒಎನ್1’ ಎಂಬ ಜೀನನ್ನು ಪರೀಕ್ಷಿಸಿತು. ಈ ಜೀನಿನ ಒಂದು ರೂಪದಿಂದ ತಯಾರಾಗುವ ಕಿಣ್ವ ಸರಿನ್ನನ್ನು ಚುರುಕಾಗಿ ಒಡೆಯುತ್ತದೆ, ಇನ್ನೊಂದು ರೂಪದ್ದು ಅಷ್ಟಾಗಿ ಒಡೆಯದು. ವಿಷಾನಿಲದ ಎಚ್ಚರಿಕೆಯ ಗಂಟೆ ಕೇಳಿದ್ದವರಲ್ಲಿ, ಎರಡನೆಯ ರೂಪದ ಜೀನ್ ಇದ್ದವರೇ ಹೆಚ್ಚಾಗಿ ಕಾಯಿಲೆ ಬಿದ್ದಿದ್ದರು. ಒಂದೇ ಡೇರೆಯಲ್ಲಿದ್ದ ಇಬ್ಬರಲ್ಲಿ ಒಬ್ಬನೇ ಏಕೆ ಹಾಸಿಗೆ ಹಿಡಿದ ಎಂಬುದಕ್ಕೆ ಇಲ್ಲಿ ಒಂದು ಉತ್ತರವಿದೆ.

ಕಾನೂನು ಇದ್ದ ಮಾತ್ರಕ್ಕೆ ಹಣ ಕೈಗೆ ಬರಲಿಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ 2017ರ ವರದಿಯ ಪ್ರಕಾರ, 2015ರಲ್ಲಿ ಈ ಕಾಯಿಲೆಯ ಕೋರಿಕೆಗಳಲ್ಲಿ ಮಂಜೂರಾದದ್ದು ಶೇ. 17ರಷ್ಟು. ಕೋರಿಕೆ ಸಲ್ಲಿಸಿದವರನ್ನು ಪರೀಕ್ಷಿಸುವ ವೈದ್ಯರಿಗಾಗಿ ಈ ಕಾಯಿಲೆಯ ಬಗ್ಗೆ 90 ನಿಮಿಷಗಳ ಒಂದು ಪಾಠವಿತ್ತು. ಅದನ್ನು ಮುಗಿಸಿದ್ದ ತಪಾಸಣಾ ವೈದ್ಯರು ಹತ್ತರಲ್ಲಿ ಒಬ್ಬರು ಮಾತ್ರ.