ಕೊಲೆಸ್ಟರಾಲಿನ ಗುಳಿಗೆಯೂ ಕಾಲುನೋವಿನ ಅಹವಾಲೂ

ನಮ್ಮ ಶಾಲೆಯ ಪಾಲಕರಲ್ಲಿಯೂ ಅವರ ಮನೆಯ ಹಿರಿಯರಲ್ಲಿಯೂ ಅನೇಕರ ಕಿಸೆಯಲ್ಲಿ ಈಗ ಔಷಧದ ಚೀಟಿಯೊಂದು ಇದ್ದೇ ಇರುತ್ತದೆ. ರಕ್ತದೊತ್ತಡದ ಗುಳಿಗೆ, ಸಕ್ಕರೆಯ ಗುಳಿಗೆಗಳ ಕೆಳಗೆ ಅಟೋರ್ವಾಸ್ಟ್ಯಾಟಿನ್ ಎಂದೋ ರೋಸುವಾಸ್ಟ್ಯಾಟಿನ್ ಎಂದೋ ಮತ್ತೊಂದು ಹೆಸರು ಕಾಣುತ್ತದೆ. ಅದು ಏತಕ್ಕೆಂಬುದನ್ನು ಬಲ್ಲವರು ಕಡಿಮೆ; ಅದರಿಂದ ಕಾಲು ನೋಯುತ್ತದೆಂದು ಕೇಳಿದವರು ಬಹಳ. ಈ ಅರೆತಿಳಿವಳಿಕೆಯಿಂದ ಗುಳಿಗೆಯನ್ನು ತಾವಾಗಿಯೇ ಬಿಟ್ಟುಬಿಡುವವರ ಪ್ರಾಣಕ್ಕೇ ಸಂಚಕಾರ ಬರಬಹುದಾದುದರಿಂದ ಈ ವಿಷಯವನ್ನು ವಾಚಕರ ಮುಂದಿಡಲು ಎಣಿಸಿದೆವು. ನಾವು ವೈದ್ಯರಲ್ಲ, ಶಿಕ್ಷಕರು. ಬಲ್ಲವರು ಕಂಡುಕೊಂಡುದನ್ನು ತಿಳಿಯಹೇಳುವುದಷ್ಟೇ ನಮ್ಮ ಕೆಲಸ.

ಕೊಲೆಸ್ಟರಾಲ್ ಎಂಬುದು ಮೇಣದಂತಹ ಜಿಡ್ಡು ಪದಾರ್ಥ. ಅದು ವಿಷವಲ್ಲ, ಜೀವಕೋಶಗಳ ಪೊರೆಗೂ ಪಿತ್ತರಸಕ್ಕೂ ಅದು ಬೇಕು. ಅದರ ಬಹುಭಾಗವನ್ನು ಶರೀರವೇ, ಅದರಲ್ಲಿಯೂ ಯಕೃತ್ತು, ತಯಾರಿಸಿಕೊಳ್ಳುತ್ತದೆ. ಮಿತಿಮೀರಿದಾಗ ಅದು ರಕ್ತನಾಳಗಳ ಒಳಗೋಡೆಯಲ್ಲಿ ಸೇರಿಕೊಂಡು ದಾರಿಯನ್ನು ಇಕ್ಕಟ್ಟಾಗಿಸುತ್ತದೆ. ಯಕೃತ್ತಿನಲ್ಲಿ ನಡೆಯುವ ಈ ತಯಾರಿಕೆಯನ್ನು ತಡೆಯುವ ವಸ್ತುವನ್ನು ಮೊದಲು ಕಂಡುಹಿಡಿದವರು ಜಪಾನಿನ ಸಾಂಕ್ಯೋ ಕಂಪನಿಯಲ್ಲಿದ್ದ ಅಕಿರಾ ಎಂಡೋ ಎಂಬವರು. ಆರು ಸಾವಿರದಷ್ಟು ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿದ ಅವರಿಗೆ ೧೯೭೩ರಲ್ಲಿ ಅದು ದೊರೆತುದು ಕ್ಯೋಟೋ ನಗರದ ಧಾನ್ಯದಂಗಡಿಯ ಅಕ್ಕಿಯಿಂದ ಬಂದ ನೀಲಿ-ಹಸಿರು ಬೂಷ್ಟೊಂದರಲ್ಲಿ. ಗೋವೆಯ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಪುಸ್ತಕಕ್ಕೂ ಬೂಷ್ಟು ಹತ್ತುವುದನ್ನು ಕಂಡು ಬೇಸರಪಡುವ ನಮಗೆ ಇದು ವಿನೋದವಾಗಿ ತೋರುತ್ತದೆ. ೧೯೮೭ರಲ್ಲಿ ಇದೇ ಜಾತಿಯ ಮೊದಲ ಗುಳಿಗೆ ಅಮೇರಿಕೆಯಲ್ಲಿ ಮಾರಾಟಕ್ಕೆ ಬಂದಿತು. ಎಂಡೋ ಅವರು ೨೦೨೪ರಲ್ಲಿ ತಮ್ಮ ೯೦ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇದರ ಪ್ರಯೋಜನ ಸಣ್ಣದಲ್ಲ. ೧೯೯೪ರಲ್ಲಿ ಸ್ಕ್ಯಾಂಡಿನೇವಿಯದ ೪,೪೪೪ ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾದಾಗ, ಗುಳಿಗೆ ತೆಗೆದುಕೊಂಡವರಲ್ಲಿ ಸಾವು ನೂರಕ್ಕೆ ಮೂವತ್ತರಷ್ಟು ತಗ್ಗಿತ್ತು. ಮೊದಲೇ ಹೃದಯಾಘಾತದಂತಹ ಕಾಯಿಲೆಯಾದ ೧೦,೦೦೦ ಜನರು ಐದು ವರುಷ ಈ ಗುಳಿಗೆಯನ್ನು ತಕ್ಕ ಪ್ರಮಾಣದಲ್ಲಿ ಸೇವಿಸಿದರೆ ಸುಮಾರು ೧,೦೦೦ ಜನರಿಗೆ ಮತ್ತೊಂದು ದೊಡ್ಡ ಆಘಾತ ತಪ್ಪುತ್ತದೆಂದು ೨೦೧೬ರಲ್ಲಿ ತಜ್ಞರು ಲೆಕ್ಕ ಹಾಕಿದರು. ಅದೇ ಹತ್ತು ಸಾವಿರದಲ್ಲಿ ಸ್ನಾಯುವಿಗೆ ನಿಜವಾದ ಹಾನಿಯಾಗುವವರು ಐದು ಜನ. ಹೊಸದಾಗಿ ಸಕ್ಕರೆ ಕಾಯಿಲೆ ಕಾಣುವವರು ೫೦ರಿಂದ ೧೦೦ ಜನ. ಹಾನಿಯೇ ಇಲ್ಲವೆಂದಲ್ಲ. ಸೆರಿವಾಸ್ಟ್ಯಾಟಿನ್ ಎಂಬ ಗುಳಿಗೆಯನ್ನು, ಸ್ನಾಯು ಕರಗಿ ಮೂತ್ರಪಿಂಡ ಕೆಟ್ಟು ಜನರು ಸತ್ತುದರಿಂದ, ೨೦೦೧ರಲ್ಲಿ ಪೇಟೆಯಿಂದಲೇ ಹಿಂದಕ್ಕೆ ಪಡೆಯಬೇಕಾಯಿತು.

ಹಾಗಾದರೆ ಇಷ್ಟೊಂದು ಜನ ಕಾಲುನೋವೆಂದು ಹೇಳುವುದೇಕೆ? ೨೦೨೦ರಲ್ಲಿ ಲಂಡನ್ನಿನಿಂದ ಬಂದ ಒಂದು ಪರೀಕ್ಷೆ ಇಲ್ಲಿ ಬಹು ಮನೋಹರವಾದುದು. ತೊಂದರೆಯಾಯಿತೆಂದು ಗುಳಿಗೆ ಬಿಟ್ಟ ೬೦ ಜನರಿಗೆ ಹನ್ನೆರಡು ತಿಂಗಳಿಗೆ ಹನ್ನೆರಡು ಶೀಶೆಗಳನ್ನು ಕೊಟ್ಟರು. ನಾಲ್ಕರಲ್ಲಿ ನಿಜವಾದ ಗುಳಿಗೆ, ನಾಲ್ಕರಲ್ಲಿ ಔಷಧವಿಲ್ಲದ ಹುಸಿ ಗುಳಿಗೆ, ನಾಲ್ಕು ಬರಿದು. ತೊಂದರೆಗೆ ನೂರರೊಳಗೆ ಅಂಕ ಹಾಕಿಕೊಳ್ಳಲು ಹೇಳಿದರು (ನಮ್ಮ ವೃತ್ತಿಯವರಿಗೆ ಮೆಚ್ಚಿಕೆಯಾಗುವ ವಿಧಾನ!). ಬರಿದಾದ ತಿಂಗಳಲ್ಲಿ ಸರಾಸರಿ ೮ ಅಂಕ. ಹುಸಿ ಗುಳಿಗೆಯ ತಿಂಗಳಲ್ಲಿ ೧೫.೪, ನಿಜವಾದ ಗುಳಿಗೆಯ ತಿಂಗಳಲ್ಲಿ ೧೬.೩. ಅಂದರೆ ನೋವಿನ ಬಹುಪಾಲು ಗುಳಿಗೆ ನುಂಗಿದೆನೆಂಬ ಅಳುಕಿನಿಂದಲೇ ಹುಟ್ಟಿದುದು. ಇದನ್ನು ಕಣ್ಣಾರೆ ಕಂಡ ಮೇಲೆ ಅವರಲ್ಲಿ ಅರ್ಧದಷ್ಟು ಜನ ಗುಳಿಗೆಯನ್ನು ಮತ್ತೆ ಆರಂಭಿಸಿದರು.

ಇಲ್ಲಿ ಎರಡು ಮಾತು ಹೇಳಲೇಬೇಕು. ಅಳುಕಿನಿಂದ ಹುಟ್ಟಿದ ನೋವೂ ನೋವೇ. ರೋಗಿ ಸುಳ್ಳು ಹೇಳುತ್ತಿಲ್ಲ. ಎರಡನೆಯದಾಗಿ, ಸರಾಸರಿಯು ತರಗತಿಯ ಸರಾಸರಿಯಂತೆ: ನಮ್ಮೆದುರಿನ ಹುಡುಗ ಎಷ್ಟು ಬಲ್ಲನೆಂಬುದನ್ನು ಅದು ಹೇಳದು. ದೊಡ್ಡ ಪರೀಕ್ಷೆಗಳಲ್ಲಿ ಕೆಲವು, ಗುಳಿಗೆ ಒಗ್ಗದವರನ್ನು ಮೊದಲೇ ಸೋಸಿ ಬಿಟ್ಟು ನಡೆದವು. ಆದುದರಿಂದ ಲಂಡನ್ನಿನ ಪರೀಕ್ಷೆಯನ್ನು ಮುಂದೆಮಾಡಿ 'ಎಲ್ಲವೂ ನಿನ್ನ ಭ್ರಮೆ' ಎಂದು ಬಾಯಿ ಮುಚ್ಚಿಸುವುದು ಶಾಸ್ತ್ರವಲ್ಲ.

ಗೋವೆಯ ಕನ್ನಡಿಗರಿಗೆ ಈ ಸಂಕಟ ಇಮ್ಮಡಿ. ೧೮೪೨ರಷ್ಟು ಹಿಂದೆಯೇ ಪಣಜಿಯಲ್ಲಿ ವೈದ್ಯಶಾಲೆಯೊಂದು ಆರಂಭವಾದ ನಾಡು ಇದು. ಅದರ ಪರಂಪರೆಯ ಬಾಂಬೋಳಿಯ ದೊಡ್ಡ ಆಸ್ಪತ್ರೆಗೆ ಕಾರವಾರ, ಅಂಕೋಲೆಗಳ ಕಡೆಯಿಂದಲೂ ಜನರು ಬರುತ್ತಾರೆ. ಆದರೆ ಇಲ್ಲಿಯ ವೈದ್ಯರ ಮಾತು ಕೊಂಕಣಿ, ಮರಾಠಿ, ಇಂಗ್ಲಿಷ್. ವಾಸ್ಕೋ, ಜುವಾರಿನಗರಗಳಲ್ಲಿ ದುಡಿಯುವ ಬಾಗಲಕೋಟೆ, ವಿಜಯಪುರ, ಗದಗಗಳ ನಮ್ಮವರದು ಉತ್ತರದ ಕನ್ನಡ. ನೋವಿಗೆ ನಮ್ಮಲ್ಲಿ ಎಷ್ಟೊಂದು ಮಾತುಗಳಿವೆ! ಕಾಲು ಹರಿತಾವ, ಸೇದತಾವ, ಜೋಮು ಹಿಡಿದಾವ, ಚಳಕು ಬರ್ತದ, ಕಸುವು ಇಲ್ಲ. ಇವು ಒಂದೇ ಅಲ್ಲ. ಜೋಮು ಹಿಡಿಯುವುದು ನರದ ತೊಂದರೆಯಿರಬಹುದು, ಸಕ್ಕರೆ ಕಾಯಿಲೆಯವರಲ್ಲಿ ವಿಶೇಷವಾಗಿ. ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಡುವುದು ಕಾಲಿನ ರಕ್ತನಾಳ ಇಕ್ಕಟ್ಟಾದುದರ ಲಕ್ಷಣವಿರಬಹುದು. ಎರಡೂ ತೊಡೆಗಳೂ ಭುಜಗಳೂ ಒಟ್ಟಿಗೇ ಹರಿದು, ಕುಕ್ಕರುಗಾಲಿನಿಂದ ಏಳಲು ಕಸುವಿಲ್ಲದಂತಾದರೆ ಸ್ನಾಯುವಿನ ಕಡೆಗೆ ನೋಡಬೇಕು. ಜೊತೆಗೆ ಹೋದ ಐದನೆಯ ಇಯತ್ತೆಯ ಹುಡುಗ ಇವೆಲ್ಲವನ್ನೂ 'ದರ್ದ್' ಎಂಬ ಒಂದೇ ಹಿಂದೀ ಶಬ್ದದಲ್ಲಿ ಮುಗಿಸಿಬಿಡುತ್ತಾನೆ. ದುಭಾಷಿಯ ಕೆಲಸಕ್ಕಾಗಿ ಶಾಲೆ ತಪ್ಪಿಸುವ ಮಕ್ಕಳ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಬೇಕಾದಷ್ಟಿವೆ. ಮಗುವಿನ ಮೇಲೆ ಈ ಭಾರ ಹೊರಿಸಬಾರದೆಂಬುದು ನಮ್ಮ ಅಭಿಪ್ರಾಯ.

ನಮಗೆ ಪರಿಚಯದ ಗೌಂಡಿಯೊಬ್ಬರಿಗೆ ಹೃದಯದ ನಾಳದಲ್ಲಿ ಸ್ಟೆಂಟ್ ಹಾಕಿತ್ತು. ಕೆಲವು ತಿಂಗಳಲ್ಲಿ ಏಣಿ ಹತ್ತಲಾರದಷ್ಟು ತೊಡೆ ಹರಿಯತೊಡಗಿತು. ಹೇಳಿಕೊಂಡಾಗ 'ವಯಸ್ಸಾಯಿತು, ನಡೆ' ಎಂಬ ಉತ್ತರ ಬಂದಿತು. ಅವರು ಸಿಟ್ಟಿನಿಂದ ಎಲ್ಲ ಗುಳಿಗೆಗಳನ್ನೂ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟುದನ್ನೂ ಕೂಡ, ಬಿಟ್ಟರು. ಸ್ಟೆಂಟ್ ಹಾಕಿದವರಿಗೆ ಇದರಷ್ಟು ಅಪಾಯದ ಕೆಲಸ ಮತ್ತೊಂದಿಲ್ಲ. ಅವರ ಪತ್ನಿಯ ಹಟದಿಂದ ಬೇರೊಬ್ಬ ವೈದ್ಯರ ಬಳಿ ಹೋದುದರಿಂದ, ಥೈರಾಯ್ಡ್ ಗ್ರಂಥಿ ಮಂದವಾಗಿದ್ದುದು ಪತ್ತೆಯಾಯಿತು. ಅಂಥವರಿಗೆ ಈ ಗುಳಿಗೆ ಸ್ನಾಯುವನ್ನು ಬೇಗ ಕಾಡುತ್ತದೆ. ಥೈರಾಯ್ಡಿಗೆ ಔಷಧ ಕೊಟ್ಟು, ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸಿದರು. ಈಗ ಏಣಿ ಹತ್ತುತ್ತಾರೆ.

ವೈದ್ಯರಿಗೆ ಸಿಕ್ಕುವುದು ಕೆಲವೇ ನಿಮಿಷ. ಆದುದರಿಂದ ಹೋಗುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು: ಗುಳಿಗೆಯ ಹೆಸರೂ ಮಿಲಿಗ್ರಾಮೂ, ಆರಂಭಿಸಿದ ದಿನ, ನೋವು ಮೊದಲಾದ ದಿನ, ಒಂದು ಕಾಲೋ ಎರಡೋ, ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗದು. 'ಬಹಳ ನೋವು' ಎಂಬುದಕ್ಕಿಂತ 'ನೀರಿನ ಕೊಡ ಎತ್ತಲಾರೆ' ಎಂಬುದು ಹೆಚ್ಚು ತಿಳಿಸುತ್ತದೆ. ಬೇರೆ ಗುಳಿಗೆ, ನಾಟಿ ಔಷಧ, ಕಷಾಯಗಳನ್ನು ಮುಚ್ಚಿಡಬಾರದು. ಕ್ಲಾರಿಥ್ರೋಮೈಸಿನ್‌ನಂತಹ ಔಷಧಗಳು ಕೆಲವು ಸ್ಟ್ಯಾಟಿನ್‌ಗಳ ಅಂಶವನ್ನು ರಕ್ತದಲ್ಲಿ ಏರಿಸುತ್ತವೆ. ಬಳಿಕ ನಮ್ರತೆಯಿಂದ, ಆದರೆ ಬಿಡದೆ ಕೇಳಬೇಕು: ಸಿ.ಕೆ. ಎಂಬ ಸ್ನಾಯುವಿನ ರಕ್ತಪರೀಕ್ಷೆ ಬೇಕೆ? ಥೈರಾಯ್ಡ್ ನೋಡಬೇಕೆ? ಪ್ರಮಾಣ ತಗ್ಗಿಸಬಹುದೆ? ಕೆಲವು ವಾರ ತಮ್ಮ ಕಣ್ಗಾಪಿನಲ್ಲಿ ನಿಲ್ಲಿಸಿ ನೋಡಬಹುದೆ? ಇದೇ ಜಾತಿಯ ಬೇರೆ ಗುಳಿಗೆ, ದಿನ ಬಿಟ್ಟು ದಿನದ ಸೇವನೆ, ಎಜೆಟಿಮೈಬ್, ಬೆಂಪೆಡೋಯಿಕ್ ಆಮ್ಲ ಮೊದಲಾದ ದಾರಿಗಳು ವೈದ್ಯರಿಗೆ ಗೊತ್ತಿವೆ. ಇವುಗಳಲ್ಲಿ ಕೊನೆಯದು, ಸ್ಟ್ಯಾಟಿನ್ ಒಗ್ಗದ ಸುಮಾರು ೧೪,೦೦೦ ಜನರಲ್ಲಿ ಹೃದ್ರೋಗದ ಆಘಾತಗಳನ್ನು ತಗ್ಗಿಸಿತೆಂದು ೨೦೨೩ರಲ್ಲಿ ಸಿದ್ಧವಾಯಿತು. ಏಶಿಯದವರ ರಕ್ತದಲ್ಲಿ ರೋಸುವಾಸ್ಟ್ಯಾಟಿನ್ ಸುಮಾರು ಇಮ್ಮಡಿ ಏರುವುದೆಂದು ತಿಳಿದು, ಅಮೇರಿಕೆಯವರೇ ೨೦೦೫ರಲ್ಲಿ ಅಂಥವರಿಗೆ ೫ ಮಿಲಿಗ್ರಾಮಿನಿಂದ ಆರಂಭಿಸುವುದನ್ನು ಯೋಚಿಸಬೇಕೆಂದು ಸೂಚಿಸಿದ್ದಾರೆ. ಮೂತ್ರವು ಕರಿ ಚಹದ ಬಣ್ಣಕ್ಕೆ ತಿರುಗಿ, ಕೈಕಾಲು ಸೋತರೆ ಮಾತ್ರ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಇಷ್ಟಾದರೂ ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಅಪರಾಧವಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಅದೂ ಸೇರಿದೆ. ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸಲು ೨೦೧೦ರಿಂದ ಭಾರತ ಸರಕಾರದ ಯೋಜನೆಯೊಂದಿದೆ. ಅದರ ಕೇಂದ್ರ ಗಾಜಿಯಾಬಾದಿನಲ್ಲಿದ್ದು, ೧೮೦೦-೧೮೦-೩೦೨೪ ಎಂಬ ಸಂಖ್ಯೆಗೆ ಯಾರೂ ಖರ್ಚಿಲ್ಲದೆ ದೂರವಾಣಿ ಮಾಡಬಹುದು. ರೋಗಿಯೇ ತುಂಬಬಹುದಾದ ನಮೂನೆಯನ್ನು ಕನ್ನಡದಲ್ಲಿಯೂ ಅಚ್ಚುಮಾಡಿದ್ದಾರೆ. ಔಷಧದ ವಿವರವನ್ನು ಅದರಲ್ಲಿ ಬರೆಯಬೇಕಾಗುವುದರಿಂದ, ತೀರಿದ ಗುಳಿಗೆಯ ಪಟ್ಟಿಯನ್ನು ಕಸಕ್ಕೆ ಹಾಕದೆ ಚೀಟಿಯ ಜೊತೆಗೇ ಇಟ್ಟುಕೊಂಡಿರಬೇಕು.