ತಂಪು ಎಲ್ಲಿಯವರೆಗೆ?

ಜಂಗಮವಾಡಿ ಮಠದಲ್ಲಿ ಇಳಿದುಕೊಂಡು ಬೆಳಗಿನ ಜಾವವೇ ಗಂಗೆಗೆ ಹೊರಡುವ ನಮ್ಮ ಕಡೆಯ ಅಜ್ಜಿಯರಿಗೆ ಕಾಶಿಯ ಘಾಟಿನ ಒದ್ದೆ ಮೆಟ್ಟಿಲುಗಳೆಂದರೆ ಸದಾ ಭಯ. ಹಾವೇರಿಯಿಂದ ಬಂದ ಅಂಥ ಒಬ್ಬ ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಎಂದು ಊಹಿಸಿಕೊಳ್ಳೋಣ. ಆಪರೇಷನ್ ಆಗಲೇಬೇಕು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತೇವೆ ಎಂದು ವೈದ್ಯರು ಹೇಳಿದ್ದಾರೆ. ಅಜ್ಜಿಗೆ ಹಿಂದಿ ಬಾರದು, ಅರಿವಳಿಕೆ ತಜ್ಞೆಗೆ ಕನ್ನಡ ಬಾರದು.

ಇದು ಬರೀ ಮಾತಿನ ತೊಂದರೆಯಲ್ಲ. ರಕ್ತದೊತ್ತಡಕ್ಕೆ ಯಂತ್ರವಿದೆ, ರಕ್ತದ ಆಮ್ಲಜನಕಕ್ಕೆ ಬೆರಳಿಗೆ ಸಿಕ್ಕಿಸುವ ಕ್ಲಿಪ್ ಇದೆ. ಆದರೆ ಬೆನ್ನಿನ ಅರಿವಳಿಕೆ ಎಲ್ಲಿಯವರೆಗೆ ಹತ್ತಿದೆ ಎಂದು ತೋರಿಸುವ ಮೀಟರ್ ದಿನನಿತ್ಯದ ಆಪರೇಷನ್ ಥಿಯೇಟರಿನಲ್ಲಿ ಇಲ್ಲ. ರೋಗಿ ಬಾಯಿಬಿಟ್ಟು ಹೇಳಬೇಕು, ವೈದ್ಯರು ಕೇಳಿಸಿಕೊಳ್ಳಬೇಕು. ಆ ಅಳತೆ ನಡೆಯುವುದೇ ಮಾತಿನಲ್ಲಿ.

ಕನ್ನಡದ ‘ಅರಿವಳಿಕೆ’ ಸೊಗಸಾದ ಪದ. ಅರಿವು ಅಳಿಯುವುದು ಎಂದರ್ಥ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆಯುರ್ವೇದ ವಿಭಾಗದಲ್ಲಿ ಇದೇ ವಿದ್ಯೆಯನ್ನು ‘ಸಂಜ್ಞಾಹರಣ’ ಎನ್ನುತ್ತಾರೆ. ಸುಶ್ರುತ ಸಂಹಿತೆಯ ಪ್ರಕಾರ ಕಾಶಿರಾಜ ದಿವೋದಾಸನೇ ಸುಶ್ರುತನ ಗುರು. ಶಸ್ತ್ರದ ನೋವು ತಿಳಿಯದಿರಲೆಂದು ರೋಗಿಗೆ ಮೊದಲೇ ಮದ್ಯ ಕುಡಿಸುವ ಮಾತು ಆ ಗ್ರಂಥದಲ್ಲೇ ಇದೆ. ಅಲ್ಲಿ ನೋವು ಮರೆಸಲು ಮನಸ್ಸನ್ನೇ ಮಂಕಾಗಿಸಬೇಕಿತ್ತು. ಬೆನ್ನಿನ ಅರಿವಳಿಕೆಯಲ್ಲಿ ಮನಸ್ಸು ಎಚ್ಚರವಾಗಿಯೇ ಇರುತ್ತದೆ, ಸೊಂಟದಿಂದ ಕೆಳಗಿನ ದೇಹ ಮಾತ್ರ ಸುದ್ದಿ ಕಳಿಸುವುದನ್ನು ನಿಲ್ಲಿಸುತ್ತದೆ. ಹಾಗಾಗಿಯೇ ರೋಗಿಯನ್ನು ಕೇಳಿ ತಿಳಿದುಕೊಳ್ಳುವುದು ಸಾಧ್ಯ.

ಬೆನ್ನುಹುರಿ ಬೆನ್ನುಮೂಳೆಯ ತುದಿಯವರೆಗೂ ಇಳಿಯುವುದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಒಂದನೆಯ ಅಥವಾ ಎರಡನೆಯ ಕಶೇರುವಿನ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದ ಹಾಗೆ ನರಗಳ ಎಳೆಗಳು ನೀರಿನಷ್ಟು ತಿಳಿಯಾದ ದ್ರವದಲ್ಲಿ ತೇಲಾಡುತ್ತವೆ. ತೆಳ್ಳನೆಯ ಸೂಜಿ ಸೇರುವುದು ಆ ದ್ರವಕ್ಕೆ. ಈ ಅರಿವಳಿಕೆಗೆ ಸಾಮಾನ್ಯವಾಗಿ ಬಳಸುವ ‘ಹೆವಿ’ ಬುಪಿವಕೇನ್‌ನಲ್ಲಿ ಪ್ರತಿ ಮಿಲಿಲೀಟರಿಗೆ 80 ಮಿಲಿಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆ ಬೆರೆತಿರುತ್ತದೆ. ಸಕ್ಕರೆಯಿಂದ ಔಷಧ ಬೆನ್ನುಹುರಿಯ ದ್ರವಕ್ಕಿಂತ ಭಾರವಾಗುತ್ತದೆ, ಪಾನಕದ ತಳಕ್ಕೆ ಬೆಲ್ಲ ಇಳಿದಂತೆ ತಗ್ಗಿನ ಕಡೆಗೆ ಇಳಿಯುತ್ತದೆ. ಮೇಜನ್ನು ತಲೆಯ ಕಡೆಗೆ ಬಾಗಿಸಿದರೆ ಎದೆಯತ್ತ ಸರಿಯುತ್ತದೆ, ರೋಗಿಯನ್ನು ಕೂರಿಸಿಯೇ ಇಟ್ಟರೆ ಕೆಳಗೇ ನಿಲ್ಲುತ್ತದೆ. ಎರಡು ಮೂರು ಮಿಲಿಲೀಟರ್ ಔಷಧ ಒಬ್ಬರಲ್ಲಿ ಹೊಕ್ಕುಳಿಗೆ ನಿಂತರೆ ಇನ್ನೊಬ್ಬರಲ್ಲಿ ಎದೆಯವರೆಗೆ ಏರಬಹುದು. ಪರೀಕ್ಷೆ ಬೇಕಾಗುವುದು ಅದಕ್ಕೇ.

ಆ ಪರೀಕ್ಷೆಗೆ ಚರ್ಮವೇ ನಕ್ಷೆ. ಬೆನ್ನುಹುರಿಯಿಂದ ಹೊರಡುವ ಒಂದೊಂದು ನರಕ್ಕೂ ಚರ್ಮದಲ್ಲಿ ಒಂದೊಂದು ಪಟ್ಟಿ ಇದೆ. ನಮ್ಮಲ್ಲಿ ಸರ್ಪಸುತ್ತು ಕಂಡವರು ಇದನ್ನು ಕಣ್ಣಾರೆ ಕಂಡಂತೆಯೇ ಸರಿ: ಆ ಗುಳ್ಳೆಗಳು ಎದೆಯನ್ನೋ ಹೊಟ್ಟೆಯನ್ನೋ ಒಂದೇ ಪಕ್ಕದಲ್ಲಿ ಬಳಸುತ್ತವೆ, ಏಕೆಂದರೆ ವೈರಸ್ಸು ಅಡಗಿ ಕೂತಿರುವುದು ಒಂದೇ ನರದ ಬುಡದಲ್ಲಿ. ಇಂಗ್ಲೆಂಡಿನಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ 1900ರಲ್ಲಿ ಸರ್ಪಸುತ್ತಿನ ರೋಗಿಗಳನ್ನೇ ನೋಡಿ ಈ ಪಟ್ಟಿಗಳ ನಕ್ಷೆ ಬರೆದರು. ಹೊಕ್ಕುಳಿನ ಮಟ್ಟ ಎದೆಗೂಡಿನ ಹತ್ತನೆಯ ನರದ್ದು, ಮೊಲೆತೊಟ್ಟಿನ ಮಟ್ಟ ನಾಲ್ಕನೆಯದ್ದು. ಅಜ್ಜಿಯ ಸೊಂಟದ ಆಪರೇಷನ್‌ಗೆ ಸುಮಾರು ಹೊಕ್ಕುಳಿನವರೆಗೆ ಮರಗಟ್ಟಿದರೆ ಸಾಕು.

ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯುಂಡೆಯನ್ನು ಹಿಡಿದು ತಜ್ಞೆ ಶುರುಮಾಡುವುದು ಕಾಲಿನಿಂದಲ್ಲ, ಭುಜದಿಂದ. ಮರಗಟ್ಟದ ಜಾಗದಲ್ಲಿ ತಂಪು ಹೇಗಿರುತ್ತದೆಂದು ಅಜ್ಜಿಗೆ ಮೊದಲು ಗೊತ್ತಾಗಬೇಕು. ಆಮೇಲೆ ತೊಡೆಯಿಂದ ಮೇಲಕ್ಕೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ. “ನೋವಾಗುತ್ತಿದೆಯೇ?” ಎಂದು ಕೇಳಿದರೆ ಹೆದರಿದ ಯಾರೇ ಆದರೂ ಹೌದು ಎಂದಾರು. “ಮೇಲಿದ್ದಷ್ಟೇ ತಂಪು ಇಲ್ಲೂ ಇದೆಯೇ?” ಎಂದು ಕೇಳಿದರೆ ಉತ್ತರ ಖಚಿತವಾಗಿ ಬರುತ್ತದೆ.

ತಂಪು ಹೋಯಿತು ಎಂದರೆ ಎಲ್ಲ ಹೋಯಿತು ಎಂದಲ್ಲ. ನರದ ತಂತುಗಳೆಲ್ಲ ಒಂದೇ ದಪ್ಪವಲ್ಲ. ರಕ್ತನಾಳಗಳನ್ನು ಬಿಗಿಹಿಡಿದಿರುವ ಸಪೂರ ತಂತುಗಳು ಮೊದಲು ಸೋಲುತ್ತವೆ. ಹಾಗಾಗಿ ಪಾದಗಳು ಬೆಚ್ಚಗಾಗುತ್ತವೆ, ರಕ್ತದೊತ್ತಡ ಇಳಿಯುತ್ತದೆ. ತಂಪು ಮತ್ತು ಸೂಜಿಚುಚ್ಚು ಆಮೇಲೆ, ಮೃದು ಸ್ಪರ್ಶ ಅದಕ್ಕೂ ಆಮೇಲೆ, ಕಾಲೆತ್ತುವ ಶಕ್ತಿ ಎಲ್ಲಕ್ಕಿಂತ ಕೊನೆಗೆ. ಆದ್ದರಿಂದ ಒಬ್ಬರೇ ರೋಗಿಯಲ್ಲಿ ತಂಪು ಅಳಿದ ಗಡಿ ಎತ್ತರದಲ್ಲಿರುತ್ತದೆ, ಚುಚ್ಚು ಅಳಿದ ಗಡಿ ಅದರ ಕೆಳಗೆ, ಸ್ಪರ್ಶ ಅಳಿದ ಗಡಿ ಇನ್ನೂ ಕೆಳಗೆ. “ಎದೆಯವರೆಗೆ ಹತ್ತಿದೆ” ಎಂದು ಕೇಸ್‌ಶೀಟಿನಲ್ಲಿ ಬರೆದರೆ ಯಾವುದರಿಂದ ನೋಡಿದ್ದು ಎಂದೂ ಬರೆಯಬೇಕು.

ಬೆನ್ನಿನ ಅರಿವಳಿಕೆ ಹುಟ್ಟಿದ ವರ್ಷವೇ ಈ ವ್ಯತ್ಯಾಸ ಕಂಡಿತ್ತು. 1898ರ ಆಗಸ್ಟ್‌ನಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಶಸ್ತ್ರವೈದ್ಯ ಆಗಸ್ಟ್ ಬಿಯರ್ ರೋಗಿಯೊಬ್ಬನ ಬೆನ್ನಿಗೆ ಕೊಕೇನ್ ಕೊಟ್ಟು ಕಾಲಿನ ಆಪರೇಷನ್ ಮಾಡಿದರು. ಅದೇ ತಿಂಗಳು ತಮ್ಮ ಸಹಾಯಕ ಹಿಲ್ಡೆಬ್ರಾಂಟ್‌ಗೂ ಅದನ್ನೇ ಕೊಟ್ಟು ಪರೀಕ್ಷೆಗೆ ಕೂತರು. ತೊಡೆಗೆ ಸೂಜಿ ಚುಚ್ಚಿದರು, ಉರಿಯುವ ಚುಟ್ಟಾ ಕಾಲಿಗೆ ಒತ್ತಿದರು. ಬಿಸಿ ಗೊತ್ತಾಯಿತೇ ಹೊರತು ನೋಯಲಿಲ್ಲ. ಇಪ್ಪತ್ಮೂರು ನಿಮಿಷಕ್ಕೆ ಕಬ್ಬಿಣದ ಸುತ್ತಿಗೆಯಿಂದ ಮೊಣಕಾಲಿನ ಕೆಳಗಿನ ಮೂಳೆಗೆ ಬಾರಿಸಿದರು, ಅದೂ ನೋಯಲಿಲ್ಲ. ಬಿಯರ್‌ಗೆ , ಮೊದಲು ತಮ್ಮ ಬೆನ್ನಿಗೂ ಹಾಕಿಸಿಕೊಂಡಿದ್ದ ಸೂಜಿಯ ತೂತಿನಿಂದ ದ್ರವ ಸೋರಿದ್ದಕ್ಕೆ, ಒಂಬತ್ತು ದಿನ ತಲೆನೋವು. ಒಂದು ಅನುಭವ ಅಳಿದರೂ ಇನ್ನೊಂದು ಉಳಿಯುತ್ತದೆ ಎಂಬ ಪಾಠ ಆ ಚುಟ್ಟಾದ ಕಿಡಿಯಲ್ಲೇ ಇತ್ತು.

ಈ ವ್ಯತ್ಯಾಸ ಅತಿಹೆಚ್ಚು ಕಾಡುವುದು ಸಿಸೇರಿಯನ್‌ನಲ್ಲಿ. ಕೊಯ್ಯುವುದು ಕಿಬ್ಬೊಟ್ಟೆಯಲ್ಲಾದರೂ ಒಳಗಿನ ಪೊರೆಯನ್ನು ಎಳೆದಾಗ ಸುದ್ದಿ ಹೋಗುವುದು ಎದೆಯ ಮಟ್ಟದ ನರಗಳಿಂದ. ಅರಿವಳಿಕೆ ತಜ್ಞ ಐ.ಎಫ್. ರಸೆಲ್ 1995ರಲ್ಲೇ ತೋರಿಸಿದ್ದರು: ನೋವಿಲ್ಲದ ಸಿಸೇರಿಯನ್‌ಗೆ ಎದೆಯ ಐದನೆಯ ನರದವರೆಗೆ, ಅಂದರೆ ಹೆಚ್ಚುಕಡಿಮೆ ಮೊಲೆಯ ಮಟ್ಟಕ್ಕೆ, ಸ್ಪರ್ಶವೇ ಅಳಿದಿರಬೇಕು. ಬರೀ ತಂಪು ನೋಡಿ ಚಾಕು ಎತ್ತಿದರೆ ಸಾಲದು. 2022ರಲ್ಲಿ ಬ್ರಿಟನ್ನಿನ ಪ್ರಸೂತಿ ಅರಿವಳಿಕೆ ತಜ್ಞರು ಪ್ರಕಟಿಸಿದ ಮಾರ್ಗಸೂಚಿಯೂ ಸ್ಪರ್ಶಕ್ಕೇ ಒತ್ತು ಕೊಟ್ಟಿತು; ತಾಯಿ ನೋವು ಎಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂದಿತು. “ಸ್ವಲ್ಪ ತಡ್ಕೊಳ್ಳಮ್ಮ” ಎಂದು ಎಷ್ಟು ತಾಯಂದಿರ ಮಾತನ್ನು ನುಂಗಿಸಿದ್ದೇವೋ! ನೋವನ್ನು ಬಲ್ಲವಳು ಆ ಕ್ಷಣದಲ್ಲಿ ಅವಳೊಬ್ಬಳೇ.

ಔಷಧ ಮೇಲೇರಿದಷ್ಟೂ ಒಳ್ಳೆಯದು ಎನ್ನುವಂತೆಯೂ ಇಲ್ಲ. ಎದೆಯ ಮೊದಲ ನಾಲ್ಕು ನರಗಳಲ್ಲಿ ಹೃದಯದ ವೇಗ ಹೆಚ್ಚಿಸುವ ತಂತುಗಳಿವೆ. ಅವು ಸೋತರೆ ನಾಡಿ ನಿಧಾನವಾಗುತ್ತದೆ. ಕಿರುಬೆರಳು ಜೋಮು ಹಿಡಿಯಿತು, ಮುಷ್ಟಿ ಸಡಿಲಾಯಿತು, ದನಿ ಪಿಸುಗುಟ್ಟಿತು ಎಂದರೆ ಉಸಿರಾಟದ ಕಡೆ ತಕ್ಷಣ ಗಮನ ಕೊಡಬೇಕು. ಆದ್ದರಿಂದಲೇ ತಜ್ಞೆ ಆಗಾಗ “ನನ್ನ ಬೆರಳು ಗಟ್ಟಿಯಾಗಿ ಹಿಡೀರಿ” ಎನ್ನುತ್ತಾರೆ.

ಕೆಲವೊಮ್ಮೆ ಇಂಜೆಕ್ಷನ್ ಹತ್ತುವುದೇ ಇಲ್ಲ. ಸೂಜಿಯ ತುದಿ ಅರ್ಧ ಒಳಗೆ ಅರ್ಧ ಹೊರಗೆ ನಿಂತು ಔಷಧ ಸೋರಿರಬಹುದು, ಒಂದೇ ಪಕ್ಕಕ್ಕೆ ಹರಡಿರಬಹುದು. ಹಿಂದೆ ಚೇಳು ಕಚ್ಚಿಸಿಕೊಂಡವರಲ್ಲಿ ಈ ಔಷಧ ಸರಿಯಾಗಿ ಕೆಲಸ ಮಾಡದ ಕೆಲವು ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಕಾರಣ ಇನ್ನೂ ಸಾಬೀತಾಗಿಲ್ಲ. ಆದರೂ ಹೊಲದಲ್ಲಿ ದುಡಿದು ಬಂದ ಅಜ್ಜಿಯನ್ನು ಚೇಳಿನ ಬಗ್ಗೆ ಒಂದು ಮಾತು ಕೇಳುವುದರಲ್ಲಿ ನಷ್ಟವಿಲ್ಲ.

ನಾವು ಊಹಿಸಿದ ತಜ್ಞೆ ಇಂಜೆಕ್ಷನ್‌ಗೆ ಮೊದಲೇ ಅಜ್ಜಿಯ ಮಗನನ್ನು ಕರೆದು ಮೂರು ಪದ ಕಲಿತುಕೊಂಡಿದ್ದಾರೆ: ತಂಪು, ಚುಚ್ಚು, ಮುಟ್ಟು. ಐದು ನಿಮಿಷವಾಗಿದೆ. ಪಾದ ಬೆಚ್ಚಗಿದೆ. ಹತ್ತಿಯುಂಡೆ ಭುಜಕ್ಕೆ ತಾಗುತ್ತದೆ. “ಮಾತಾಜಿ, ತಂಪು?” ಅಜ್ಜಿ ಹೂಂ ಎನ್ನುತ್ತಾರೆ. ತೊಡೆಗೆ ಬಂದಾಗ ಇಲ್ಲವೆಂದು ತಲೆಯಾಡಿಸುತ್ತಾರೆ. ಹೊಕ್ಕುಳಿನ ಎಡಕ್ಕೆ ತಂಪಿಲ್ಲ. ಬಲಕ್ಕೆ ಬಂದಾಗ ಅಜ್ಜಿ ತಡೆದು ಹೇಳುತ್ತಾರೆ: “ಇಲ್ಲಿ ಸ್ವಲ್ಪ ತಂಪು ಹತ್ತತೈತಿ ನೋಡ್ರಿ.”

ತಜ್ಞೆಗೆ ವಾಕ್ಯ ತಿಳಿಯದಿದ್ದರೂ ಮುಖ ತಿಳಿಯುತ್ತದೆ. ಸರ್ಜನ್‌ಗೆ ಇರಿ ಎಂದು ಕೈಸನ್ನೆ ಮಾಡಿ, ಮೇಜನ್ನು ಬಲಕ್ಕೆ ಒಂದಿಷ್ಟು ವಾಲಿಸಿ, ಗಡಿಯಾರ ನೋಡಿ, ಹೊಸ ಹತ್ತಿಯುಂಡೆಯನ್ನು ಸ್ಪಿರಿಟ್‌ಗೆ ಅದ್ದುತ್ತಾರೆ.